ಮಹಾಧಮನಿಯ ಸಾಲಕ್ಕೆ ಕರುಳಿನ ಜಾಮೀನು

ಸಂಘದ ವಾರ್ಷಿಕ ಸ್ಮರಣ ಸಂಚಿಕೆಗೆ ಆರೋಗ್ಯಕ್ಕೆ ಸಂಬಂಧಪಟ್ಟ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ಸಂಕೋಚವೇ ಆಯಿತು. ನಾನು ವೈದ್ಯನಲ್ಲ. ವಾಣಿಜ್ಯ ಶಾಸ್ತ್ರದಲ್ಲಿ ಪದವಿ ಪಡೆದು, ಇಪ್ಪತ್ತು ವರ್ಷಗಳಿಂದ ಬ್ಯಾಂಕೊಂದರಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತ ಬಂದಿರುವ ಸಾಮಾನ್ಯ ಅಧಿಕಾರಿ. ನಾಡಿ ಹಿಡಿದು ನೋಡಲು ನನಗೆ ಬಾರದು. ಆಸ್ತಿ ಹೊಣೆಗಳ ಪಟ್ಟಿಯನ್ನು ಓದಲು ಮಾತ್ರ ಬರುತ್ತದೆ. ಆದರೂ ಒಪ್ಪಿಕೊಂಡೆ. ಏಕೆಂದರೆ, ವೈದ್ಯರಲ್ಲದವರೂ ವೈದ್ಯಕೀಯ ಕಾಗದಗಳನ್ನು ಓದಲು ಕಲಿಯಬೇಕೆಂಬ ಪಾಠವನ್ನು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ ನನಗೆ ಕಲಿಸಿದೆ. ಆ ಪಾಠದ ಬೆಲೆಯನ್ನು ತೆತ್ತವರು ನಾನಲ್ಲ, ನನ್ನ ಚಿಕ್ಕಪ್ಪನವರು.

೨೦೧೮ರ ಮಳೆಗಾಲದ ಮಾತು. ಕಲ್ಯಾಣದಲ್ಲಿರುವ ಚಿಕ್ಕಪ್ಪನವರಿಗೆ ಆಗ ೭೧ ವರ್ಷ. ಹದಿಹರೆಯದಲ್ಲಿ ಉಡುಪಿಯ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದು, ಥಾಣೆಯ ಹೊಟೇಲೊಂದರಲ್ಲಿ ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ, ಕೊನೆಗೆ ಅಲ್ಲಿಯೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಿವೃತ್ತರಾದವರು. ಬೀಡಿಯ ಚಟವೊಂದನ್ನು ಬಿಟ್ಟರೆ ಬೇರೆ ದೋಷವಿಲ್ಲದ ಮನುಷ್ಯ. ಮೂತ್ರದ ತೊಂದರೆಗೆಂದು ಹೊಟ್ಟೆಯ ಸೋನೋಗ್ರಫಿ ಮಾಡಿಸಿದಾಗ, ಯಾರೂ ಹುಡುಕದೆ ಇದ್ದ ಇನ್ನೊಂದು ದೋಷ ಕಣ್ಣಿಗೆ ಬಿತ್ತು. ಹೊಟ್ಟೆಯೊಳಗಿನ ಮಹಾಧಮನಿಯು ಒಂದೆಡೆ ಬಲೂನಿನಂತೆ ಉಬ್ಬಿ ಆರು ಸೆಂಟಿಮೀಟರಿನಷ್ಟು ಅಗಲವಾಗಿತ್ತು. ನೋವಿಲ್ಲ, ಜ್ವರವಿಲ್ಲ, ಆದರೆ ಅದು ಒಡೆದರೆ ಆಸ್ಪತ್ರೆಯನ್ನು ಮುಟ್ಟುವವರೆಗೆ ಜೀವ ಉಳಿಯುವುದೇ ಕಷ್ಟವೆಂದು ವೈದ್ಯರು ಹೇಳಿದರು. ಹೊಟ್ಟೆಯನ್ನು ತೆರೆಯದೆ, ತೊಡೆಯ ಸಂದಿಯ ರಕ್ತನಾಳದ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟನ್ನು ತೂರಿಸಿ ಉಬ್ಬನ್ನು ಒಳಗಿನಿಂದಲೇ ಮುಚ್ಚಿಬಿಡಬಹುದೆಂದೂ ತಿಳಿಸಿದರು.

ಒಪ್ಪಿಗೆ ಪತ್ರ ಬಂದಾಗ ಚಿಕ್ಕಪ್ಪ ಅದನ್ನು ನನ್ನ ಕೈಗಿತ್ತು, "ನೀನು ಬ್ಯಾಂಕಿನವ, ಕಾಗದ ನೋಡಿ ಅಭ್ಯಾಸ ಉಂಟು. ನೀನೇ ಓದಿ ಹೇಳು ಮಗಾ, ಆಮೇಲೆ ನಾನು ಸಹಿ ಮಾಡುತ್ತೇನೆ" ಎಂದರು. ಮೂರನೆಯ ಪುಟದಲ್ಲಿ, ಕರುಳಿಗೆ ರಕ್ತ ಕಡಿಮೆಯಾಗುವ ಸಂಭವವಿದೆ ಎಂಬ ಒಂದು ಸಾಲಿತ್ತು. ಅದರ ಅರ್ಥವೇನೆಂದು ಕೇಳಿದೆ. ಸಾಮಗ್ರಿಯನ್ನು ಕುರಿತು ವಿವರಿಸಲು ಬಂದಿದ್ದ ತರುಣನು, "ಪ್ರಾಣಿಗಳ ಮೇಲೆಲ್ಲ ಪರೀಕ್ಷೆ ಆಗಿದೆ ಸಾರ್, ಕರುಳಿಗೆ ಏನೂ ಆಗುವುದಿಲ್ಲ. ಇದು ಎಲ್ಲ ಪತ್ರಗಳಲ್ಲಿಯೂ ಇರುವ ಸಾಲು" ಎಂದನು. ಗಿರಾಕಿಗಳು ಸಾಲಪತ್ರವನ್ನು ಓದದೆ ಸಹಿ ಹಾಕುವುದನ್ನು ಕಂಡು ದಿನವೂ ಮರುಗುವ ನಾನು, ಅಂದು ಆ ಮಾತನ್ನೇ ನಂಬಿ ಚಿಕ್ಕಪ್ಪನವರಿಗೆ ಸಹಿ ಹಾಕುವ ಸ್ಥಳವನ್ನು ಬೆರಳಿಟ್ಟು ತೋರಿಸಿದೆ.

ಮುಂದೆ ನಡೆದುದನ್ನು ಹೇಳುವ ಮೊದಲು ಶರೀರದ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ.

ಮುಖ್ಯ ಮಾರ್ಗ ಮತ್ತು ಮೂರು ಶಾಖೆಗಳು

ಡೊಂಬಿವಲಿ ಕಲ್ಯಾಣಗಳಲ್ಲಿ ವಾಸಿಸುವ ನಮಗೆ ಮಹಾಧಮನಿಯನ್ನು ತಿಳಿಸಿಕೊಡಲು ಮಧ್ಯ ರೈಲ್ವೆಗಿಂತ ಒಳ್ಳೆಯ ನಿದರ್ಶನವಿಲ್ಲ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಟ ಮುಖ್ಯ ಮಾರ್ಗವು ಥಾಣೆಯಲ್ಲಿ ನವಿಮುಂಬಯಿಯ ಕಡೆಗೆ ಒಂದು ಶಾಖೆಯನ್ನು ಕೊಡುತ್ತದೆ. ದಿವಾದಲ್ಲಿ ಪನ್ವೇಲ್ ಮತ್ತು ವಸಯಿಗಳ ಕಡೆಗೆ ಕವಲುಗಳನ್ನು ಕೊಡುತ್ತದೆ. ಕಲ್ಯಾಣವನ್ನು ಮುಟ್ಟಿ ಕಸಾರಾ ಮತ್ತು ಕರ್ಜತ್ ಎಂದು ಇಬ್ಭಾಗವಾಗುತ್ತದೆ. ಮಹಾಧಮನಿಯೂ ಹೀಗೆಯೇ. ಹೃದಯದಿಂದ ಹೊರಟು ಎದೆಯನ್ನು ದಾಟಿ ಹೊಟ್ಟೆಗೆ ಇಳಿದು, ದಾರಿಯುದ್ದಕ್ಕೂ ಶಾಖೆಗಳನ್ನು ಕೊಡುತ್ತ, ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲುಗಳಿಗಾಗಿ ಎರಡಾಗಿ ಒಡೆಯುತ್ತದೆ.

ಜೀರ್ಣಾಂಗಗಳಿಗೆ ಹೋಗುವ ಶಾಖೆಗಳು ಮೂರು. ಮೊದಲನೆಯದಾದ ಸೀಲಿಯಾಕ್ ಧಮನಿ ಜಠರ, ಯಕೃತ್ತು, ಗುಲ್ಮಗಳನ್ನು ಪೋಷಿಸುತ್ತದೆ. ಎರಡನೆಯದಾದ ಮೇಲಿನ ಮೆಸೆಂಟರಿಕ್ ಧಮನಿ ಸಣ್ಣಕರುಳನ್ನೂ ದೊಡ್ಡಕರುಳಿನ ಬಲಭಾಗವನ್ನೂ ಸಾಕುತ್ತದೆ. ಮೂರನೆಯದಾದ ಕೆಳಗಿನ ಮೆಸೆಂಟರಿಕ್ ಧಮನಿ ದೊಡ್ಡಕರುಳಿನ ಎಡಭಾಗವನ್ನು ನೋಡಿಕೊಳ್ಳುತ್ತದೆ. ನಾವು ಸುಮ್ಮನೆ ಕುಳಿತಿರುವಾಗಲೂ ಹೃದಯವು ಹೊರದೂಡುವ ರಕ್ತದ ಸುಮಾರು ನಾಲ್ಕನೆಯ ಒಂದು ಪಾಲು ಈ ಜೀರ್ಣಾಂಗಗಳ ಕಡೆಗೆ ಹೋಗುತ್ತದೆ. ಊಟವಾದ ಮೇಲೆ ಈ ಪಾಲು ಇನ್ನೂ ಏರುತ್ತದೆ. ಮೂರು ಶಾಖೆಗಳ ನಡುವೆ ಒಳದಾರಿಗಳೂ ಇವೆ. ಒಂದು ಮಾರ್ಗ ಕಟ್ಟಿಕೊಂಡರೆ ಇನ್ನೊಂದರಿಂದ ರಕ್ತವು ಬಳಸಿಕೊಂಡು ಬರುತ್ತದೆ, ಮುಖ್ಯ ಮಾರ್ಗದಲ್ಲಿ ಗಾಡಿ ನಿಂತ ದಿನ ನಾವು ಥಾಣೆಯಿಂದ ವಾಶಿಗೆ ಹೋಗಿ, ಅಲ್ಲಿಂದ ಹಾರ್ಬರ್ ಮಾರ್ಗವನ್ನು ಹಿಡಿದು ಕಚೇರಿಯನ್ನು ಮುಟ್ಟುವಂತೆ.

ಇನ್ನು ಬಟ್ಟೆ ಹೊದಿಸಿದ ಸ್ಟೆಂಟ್, ಅಂದರೆ ಸ್ಟೆಂಟ್ ಗ್ರಾಫ್ಟ್, ಏನು ಮಾಡುತ್ತದೆ? ೧೯೧೬ರಲ್ಲಿ ಸಿದ್ಧವಾದ ಪಾರ್ಸಿಕ್ ಸುರಂಗವನ್ನು ನೆನೆಯಿರಿ. ಹಲವು ದಶಕಗಳ ಕಾಲ ವೇಗದ ಲೋಕಲುಗಳು ಆ ಸುರಂಗವನ್ನು ಹೊಕ್ಕು ದಿವಾದ ಕಡೆ ಹೊರಬರುತ್ತಿದ್ದವು. ಕಳವಾ, ಮುಂಬ್ರಾ ನಿಲ್ದಾಣಗಳು ಆ ಗಾಡಿಗಳ ಪಾಲಿಗೆ ಇರಲೇ ಇಲ್ಲ. ಸ್ಟೆಂಟ್ ಗ್ರಾಫ್ಟ್ ಕೂಡ ಉಬ್ಬಿದ ಧಮನಿಯೊಳಗೆ ಕಟ್ಟಿದ ಒಂದು ಸುರಂಗ. ರಕ್ತವು ಅದರೊಳಗಿನಿಂದ ಹರಿದುಹೋಗುವುದರಿಂದ ಉಬ್ಬಿನ ಗೋಡೆಗೆ ಒತ್ತಡ ತಗುಲುವುದಿಲ್ಲ. ಆದರೆ ಆ ಉದ್ದದಲ್ಲಿ ಯಾವ ಶಾಖೆಯ ಬಾಯಿ ಇದೆಯೋ ಅದೂ ಮುಚ್ಚಿಹೋಗುತ್ತದೆ. ಹೊಟ್ಟೆಯ ಸಾಮಾನ್ಯ ಉಬ್ಬುಗಳಲ್ಲಿ ಹೀಗೆ ಮುಚ್ಚಿಹೋಗುವುದು ಹೆಚ್ಚಾಗಿ ಮೂರನೆಯ ಶಾಖೆ. ಹೃದಯದ ರಕ್ತನಾಳಗಳಿಗೆ ಹಾಕುವ ಸಣ್ಣ ಸ್ಟೆಂಟುಗಳಿಗೂ ಇದಕ್ಕೂ ಹೆಸರಿನ ಸಾಮ್ಯವಿದೆಯೇ ಹೊರತು ಕೆಲಸ ಬೇರೆ, ಅಪಾಯ ಬೇರೆ. ಬೆಲೆಯೂ ಬೇರೆ. ೨೦೧೭ರ ಫೆಬ್ರುವರಿಯಲ್ಲಿ ಸರಕಾರವು ವಿಧಿಸಿದ ಬೆಲೆಯ ಮಿತಿ ಹೃದಯದ ಸ್ಟೆಂಟುಗಳಿಗೆ ಸಂಬಂಧಿಸಿದ್ದು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಬಳಸಲು ಅನುಮತಿ ಬೇಡುತ್ತೇನೆ. ಮಹಾಧಮನಿಯ ದುರಸ್ತಿ ಒಂದು ಸಾಲವಾದರೆ ಅದಕ್ಕೆ ಜಾಮೀನು ನಿಂತಿರುವುದು ಕರುಳು. ಸಾಲಗಾರನ ಕೆಲಸ ಸುಸೂತ್ರವಾಗಿ ನಡೆದರೆ ಜಾಮೀನುದಾರನ ಹೆಸರನ್ನು ಯಾರೂ ಎತ್ತುವುದಿಲ್ಲ. ವ್ಯವಹಾರ ಕೆಟ್ಟರೆ ಮಾತ್ರ ಏನೂ ಅರಿಯದ ಅವನ ಮನೆಯ ಬಾಗಿಲಿಗೆ ನೋಟೀಸು ಬರುತ್ತದೆ. ಸಾಲವನ್ನು ಮಂಜೂರು ಮಾಡುವ ಮೊದಲು ಜಾಮೀನುದಾರನ ಶಕ್ತಿಯನ್ನು ವಿಚಾರಿಸುವುದು ಬ್ಯಾಂಕಿನ ಮೊದಲ ನಿಯಮ. ಆಸ್ಪತ್ರೆಯಲ್ಲಿಯೂ ಇದೇ ನಿಯಮವಿರಬೇಕೆಂಬುದೇ ಈ ಲೇಖನದ ಸಾರ.

ನಾಯಿ, ಕುರಿ, ಹಂದಿಗಳು ಕಲಿಸಿದ್ದು

ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವು ಇಲ್ಲದಿದ್ದರೆ ಈ ಚಿಕಿತ್ಸೆಯೇ ಇರುತ್ತಿರಲಿಲ್ಲ. ಮಹಾವಿಜ್ಞಾನಿ ಐನ್‌ಸ್ಟೈನರಿಗೂ ಇದೇ ಕಾಯಿಲೆ ಇತ್ತು. ೧೯೪೮ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅವರ ಹೊಟ್ಟೆಯನ್ನು ತೆರೆದು, ಉಬ್ಬಿದ ಧಮನಿಗೆ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಅಂದಿನ ವೈದ್ಯಶಾಸ್ತ್ರಕ್ಕೆ ಅದಕ್ಕಿಂತ ಹೆಚ್ಚಿನದನ್ನು ಮಾಡುವುದು ಸುಲಭವಿರಲಿಲ್ಲ. ೧೯೫೫ರ ಏಪ್ರಿಲ್ ೧೮ರಂದು ಅವರು ತೀರಿಕೊಂಡದ್ದು ಅದೇ ಧಮನಿ ಒಡೆದು.

ಅಷ್ಟರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ವೂರ್‌ಹೀಸ್ ಎಂಬ ತರುಣ ವೈದ್ಯರು, ನಾಯಿಯ ಹೃದಯದೊಳಗೆ ತಪ್ಪಾಗಿ ಉಳಿದ ರೇಷ್ಮೆಯ ಹೊಲಿಗೆಯೊಂದರ ಮೇಲೆ ಕೆಲವು ತಿಂಗಳುಗಳಲ್ಲಿ ನುಣುಪಾದ ಪೊರೆ ಬೆಳೆದಿರುವುದನ್ನು ಕಂಡಿದ್ದರು. ನೂಲಿನ ಮೇಲೆ ಪೊರೆ ಬೆಳೆಯುವುದಾದರೆ ಬಟ್ಟೆಯ ಕೊಳವೆಯನ್ನೇ ರಕ್ತನಾಳವಾಗಿ ಏಕೆ ಬಳಸಬಾರದು ಎಂಬ ಆಲೋಚನೆ ಅವರಿಗೆ ಹೊಳೆಯಿತು. ನಾಯಿಗಳಲ್ಲಿ ಅದನ್ನು ಪರೀಕ್ಷಿಸಿ ೧೯೫೨ರಲ್ಲಿ ಪ್ರಕಟಿಸಿದರು. ೧೯೬೯ರಲ್ಲಿ ಚಾರ್ಲ್ಸ್ ಡಾಟರ್ ಅವರು ನಾಯಿಗಳ ಕಾಲಿನ ರಕ್ತನಾಳದೊಳಗೆ ಲೋಹದ ಸುರುಳಿಯನ್ನು ತೂರಿಸಿ ನಿಲ್ಲಿಸಿದರು. ೧೯೮೬ರಲ್ಲಿ ಅಮೆರಿಕದ ಇನ್ನೊಂದು ತಂಡವು ಕುರಿಗಳಲ್ಲಿ ಕೃತಕ ಉಬ್ಬನ್ನು ಮಾಡಿ ಅದನ್ನು ಒಳಗಿನಿಂದಲೇ ಮುಚ್ಚಿ ತೋರಿಸಿತು. ೧೯೮೭ರಲ್ಲಿ ಖಾರ್ಕಿವ್ ನಗರದ ನಿಕೊಲಾಯ್ ವೊಲೊದೊಸ್ ಎದೆಯ ಭಾಗದ ಮಹಾಧಮನಿಗೂ, ೧೯೯೦ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್ ನಗರದ ಹುವಾನ್ ಪರೋದಿ ಹೊಟ್ಟೆಯ ಉಬ್ಬಿಗೂ ಮನುಷ್ಯರಲ್ಲಿ ಈ ಚಿಕಿತ್ಸೆಯನ್ನು ಮಾಡಿದರು. ಪರೋದಿಯವರು ಅದಕ್ಕೆ ಮುನ್ನ ೧೯೭೬ರಿಂದಲೇ ನಾಯಿಗಳ ಮೇಲೆ ಪ್ರಯೋಗ ನಡೆಸಿದ್ದರು.

ಕರುಳಿನ ವಿಷಯದಲ್ಲಿಯೂ ಪ್ರಾಣಿಗಳು ಬಹಳಷ್ಟನ್ನು ಕಲಿಸಿವೆ. ಬಟ್ಟೆಯಿಲ್ಲದ ಬರಿಯ ಜಾಲರಿಯ ಸ್ಟೆಂಟು ಶಾಖೆಯ ಬಾಯಿಗೆ ಅಡ್ಡವಾಗಿ ನಿಂತರೂ ರಕ್ತವು ಜಾಲರಿಯ ಕಂಡಿಗಳಿಂದ ನುಸುಳಿಕೊಂಡು ಶಾಖೆಯು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಕಾಲಕ್ರಮದಲ್ಲಿ ಜಾಲರಿಯ ತಂತಿಗಳ ಮೇಲೆ ಪೊರೆ ಬೆಳೆದು ಬಾಯಿ ಕಿರಿದಾಗುವುದೂ ಉಂಟು. ಬಟ್ಟೆ ಹೊದಿಸಿದ್ದಾದರೆ ಬಾಯಿಯೇ ಮುಚ್ಚುತ್ತದೆ. ಆಗ ಕರುಳು ಒಳದಾರಿಗಳನ್ನೇ ನಂಬಬೇಕು. ೧೯೭೦ರಲ್ಲಿ ಮಾಂಟ್ರಿಯಲ್ ನಗರದ ಚಿಯೂ ಮತ್ತು ಸಂಗಡಿಗರು ನಾಯಿಗಳಲ್ಲಿ ಕರುಳಿನ ರಕ್ತವನ್ನು ಕಡಿಮೆ ಮಾಡಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಮೊದಲು ಕೆಡುವುದು ಕರುಳಿನ ಒಳಪದರದಲ್ಲಿ ಬೆರಳಿನಾಕಾರದಲ್ಲಿ ಎದ್ದಿರುವ ಸೂಕ್ಷ್ಮ ರಚನೆಗಳ ತುದಿ ಎಂಬುದು ಸ್ಪಷ್ಟವಾಯಿತು. ಹಾನಿಯನ್ನು ಅಳೆಯಲು ಅವರು ಗೊತ್ತುಪಡಿಸಿದ ಸೊನ್ನೆಯಿಂದ ಐದರವರೆಗಿನ ಶ್ರೇಣಿಯು ಪ್ರಯೋಗಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಹೊರಗಿನಿಂದ ಕರುಳು ಕೆಂಪಾಗಿಯೇ ಕಾಣುತ್ತಿರುವಾಗ ಒಳಗೆ ಕೆಡುಕು ಆರಂಭವಾಗಿರುತ್ತದೆಂಬುದು ಇದರಿಂದ ತಿಳಿಯಿತು.

ಇನ್ನೊಂದು ವಿಚಿತ್ರ ಸತ್ಯವನ್ನು ಹೇಳಿದುದು ಬೆಕ್ಕುಗಳು. ೧೯೮೬ರಲ್ಲಿ ಪಾರ್ಕ್ಸ್ ಮತ್ತು ಗ್ರೇಂಜರ್ ಎಂಬ ಸಂಶೋಧಕರು ಪ್ರಕಟಿಸಿದಂತೆ, ನಾಲ್ಕು ಗಂಟೆ ರಕ್ತವಿಲ್ಲದ ಕರುಳಿಗಿಂತಲೂ, ಮೂರು ಗಂಟೆ ರಕ್ತವಿಲ್ಲದೆ ನಾಲ್ಕನೆಯ ಗಂಟೆಯಲ್ಲಿ ರಕ್ತವನ್ನು ಮರಳಿ ಪಡೆದ ಕರುಳಿನ ಒಳಪದರವೇ ಹೆಚ್ಚು ಕೆಟ್ಟಿತ್ತು. ಬಹಳ ದಿನ ಉಪವಾಸವಿದ್ದವನಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ಆಗುವ ಅನಾಹುತದಂಥದೇ ಇದು. ಆದ್ದರಿಂದ, ತಡವಾಗಿ ತೆರೆದ ದಾರಿ ತೆರೆಯದ ದಾರಿಗಿಂತ ಯಾವಾಗಲೂ ಸುರಕ್ಷಿತವೆಂದು ಭಾವಿಸುವಂತಿಲ್ಲ. ಕರುಳಿನ ವಿಷಯದಲ್ಲಿ ಪ್ರತಿಯೊಂದು ಗಂಟೆಗೂ ಬೆಲೆಯಿದೆ.

ಪ್ರಾಣಿ ಹೇಳಲಾರದ ಮಾತು

ಇಷ್ಟೆಲ್ಲ ಕಲಿಸಿದ ಪ್ರಾಣಿಗಳು ಒಂದು ಮಾತನ್ನು ಮಾತ್ರ ಹೇಳಲಾರವು: ನನ್ನ ಚಿಕ್ಕಪ್ಪನ ಕರುಳಿಗೆ ಏನಾಗುತ್ತದೆ ಎಂಬುದನ್ನು.

ಪ್ರಯೋಗಕ್ಕೆ ಬಳಸುವ ನಾಯಿ, ಕುರಿ, ಹಂದಿಗಳು ಸಾಮಾನ್ಯವಾಗಿ ಎಳೆಯ ಪ್ರಾಯದವು, ಆರೋಗ್ಯವಂತವು. ಅವು ಬೀಡಿ ಸೇದಿದವಲ್ಲ. ಮಧುಮೇಹ, ರಕ್ತದೊತ್ತಡಗಳನ್ನು ಅರಿತವಲ್ಲ. ಅವುಗಳ ರಕ್ತನಾಳದ ಗೋಡೆಗೆ ಕೊಬ್ಬು ಮೆತ್ತಿಕೊಂಡಿರುವುದಿಲ್ಲ. ಮೂರನೆಯ ಶಾಖೆಯನ್ನು ಮುಚ್ಚಿದರೆ ಮೊದಲಿನೆರಡು ಶಾಖೆಗಳು ತುಂಬುಹರಿವಿನಿಂದ ನೆರವಿಗೆ ಬರುತ್ತವೆ. ಮಹಾಧಮನಿ ಉಬ್ಬಿದ ಮನುಷ್ಯನೋ, ಅರುವತ್ತೈದು ದಾಟಿದವನು, ಹೆಚ್ಚಾಗಿ ಧೂಮಪಾನಿ. ಅವನ ಮಹಾಧಮನಿಯನ್ನು ಕೆಡಿಸಿದ ಕಾರಣಗಳೇ ಅವನ ಶಾಖೆಗಳನ್ನೂ ಕೆಡಿಸಿರುತ್ತವೆ. ಅಷ್ಟೇ ಅಲ್ಲ, ತಂತಿಯನ್ನೂ ಕೊಳವೆಯನ್ನೂ ಒಳಗೆ ತೂರಿಸುವಾಗ ಗೋಡೆಯ ಮೇಲಿನ ಕೊಬ್ಬಿನ ಚೂರುಗಳು ಕಿತ್ತುಬಂದು ಕರುಳಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುವ ಅಪಾಯವೊಂದಿದೆ. ಶುದ್ಧವಾದ ನಾಳಗಳುಳ್ಳ ಎಳೆಯ ಹಂದಿಯಲ್ಲಿ ಅದು ಕಾಣಿಸುವುದಾದರೂ ಹೇಗೆ?

ಸಮೃದ್ಧವಾಗಿ ನಡೆಯುತ್ತಿರುವ ಸಂಸ್ಥೆಯ ಲೆಕ್ಕಪತ್ರವನ್ನು ತೋರಿಸಿ, ನಷ್ಟದಲ್ಲಿರುವ ಇನ್ನೊಂದು ಸಂಸ್ಥೆಗೆ ಸಾಲ ಕೇಳಿದರೆ ಯಾವ ಅಧಿಕಾರಿ ತಾನೇ ಮಂಜೂರು ಮಾಡಿಯಾನು? "ಪ್ರಾಣಿಗಳಲ್ಲಿ ಪರೀಕ್ಷೆಯಾಗಿದೆ" ಎಂಬ ಮಾತು ಸುಳ್ಳಲ್ಲ. ಈ ಸಾಮಗ್ರಿಯನ್ನು ಬಳಸಬಹುದೇ ಎಂಬ ಪ್ರಶ್ನೆಗೆ ಅದು ಉತ್ತರ. ಈ ರೋಗಿಗೆ ಬಳಸಬಹುದೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಒಂದನೆಯದರ ಉತ್ತರವನ್ನು ಎರಡನೆಯದಕ್ಕೆ ಕೊಟ್ಟುದರಿಂದಲೇ ನಮ್ಮ ಮನೆಯಲ್ಲಿ ಅನರ್ಥವಾಯಿತು.

ಚಿಕ್ಕಪ್ಪನವರಿಗೆ ಸ್ಟೆಂಟ್ ಗ್ರಾಫ್ಟ್ ಅನ್ನು ಅಚ್ಚುಕಟ್ಟಾಗಿಯೇ ಕೂಡಿಸಿದ್ದರು. ಮರುದಿನ ಸಂಜೆ ಹೊಟ್ಟೆಯ ಎಡಗಡೆ ನೋವು ಬಂತು. ರಾತ್ರಿ ರಕ್ತ ಬೆರೆತ ಭೇದಿಯಾಯಿತು. ವಾಯುವಿನ ಬಾಧೆ ಎಂದು ಮಾತ್ರೆ ಕೊಟ್ಟರು. ಹಿರಿಯ ವೈದ್ಯರು ಬಂದು ಕೊಳವೆಯ ಮೂಲಕ ದೊಡ್ಡಕರುಳನ್ನು ನೋಡುವಾಗ ಮೂರನೆಯ ದಿನದ ಮಧ್ಯಾಹ್ನವಾಗಿತ್ತು. ದೊಡ್ಡಕರುಳಿನ ಎಡಭಾಗ ಕಪ್ಪಾಗಿತ್ತು. ಹೊಟ್ಟೆಯನ್ನು ತೆರೆಯದೆ ಮುಗಿಸಬೇಕೆಂದು ಆರಂಭವಾದ ಚಿಕಿತ್ಸೆ, ಹೊಟ್ಟೆಯನ್ನು ತೆರೆದು ಕರುಳನ್ನು ಕತ್ತರಿಸಿ ತೆಗೆಯುವಲ್ಲಿ ಮುಗಿಯಿತು. ದೇವರ ದಯೆಯಿಂದ ಜೀವ ಉಳಿಯಿತು.

ಆಮೇಲೆ ಇನ್ನೊಂದು ಊರಿನ ಅನುಭವಿ ಶಸ್ತ್ರವೈದ್ಯರೊಬ್ಬರಿಗೆ ಎಲ್ಲ ಕಾಗದಗಳನ್ನು ತೋರಿಸಿದೆ. ಅವರು ಮೊದಲಿನ ಸಿ.ಟಿ. ವರದಿಯ ಎರಡು ಸಾಲುಗಳ ಮೇಲೆ ಬೆರಳಿಟ್ಟರು. ಮೇಲಿನ ಮೆಸೆಂಟರಿಕ್ ಧಮನಿಯ ಬುಡ ಬಹಳ ಇಕ್ಕಟ್ಟಾಗಿದೆ ಎಂದು ಒಂದು ಸಾಲು ಹೇಳುತ್ತಿತ್ತು. ಕೆಳಗಿನ ಮೆಸೆಂಟರಿಕ್ ಧಮನಿ ಸಾಮಾನ್ಯಕ್ಕಿಂತ ದಪ್ಪವಾಗಿದೆ ಎಂದು ಇನ್ನೊಂದು. ಅಂದರೆ ಎರಡನೆಯ ಶಾಖೆ ಸೋತಿದ್ದರಿಂದ ಮೂರನೆಯದೇ ಕರುಳಿನ ಭಾರವನ್ನು ಹೊತ್ತಿತ್ತು. ಊರಿಗೆಲ್ಲ ಅನ್ನ ಹಾಕುತ್ತಿದ್ದ ಆ ಬಾಗಿಲನ್ನೇ ನಾವು ಮುಚ್ಚಿಸಿದ್ದೆವು. ಎರಡೂ ಸಾಲುಗಳು ವರದಿಯಲ್ಲಿದ್ದವು. ಅವೆರಡನ್ನೂ ಕೂಡಿಸಿ ಓದಿದವರಿರಲಿಲ್ಲ. ಆ ವರದಿಯ ಪ್ರತಿ ನನ್ನ ಚೀಲದಲ್ಲಿಯೇ ಇತ್ತು.

ಓದುಗರು ಇದರಿಂದ ಸ್ಟೆಂಟನ್ನೇ ದೂರಬಾರದು. ಬ್ರಿಟನ್ನಿನಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಚಿಕಿತ್ಸೆಯ ೩೦ ದಿನಗಳೊಳಗೆ ತೀರಿಕೊಂಡವರು ಹೊಟ್ಟೆ ತೆರೆದವರಲ್ಲಿ ನೂರಕ್ಕೆ ೪.೭, ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡವರಲ್ಲಿ ೧.೭ ಮಾತ್ರ. ವರ್ಷಗಳು ಕಳೆದಂತೆ ಈ ಅಂತರ ಅಳಿಸಿಹೋಗುವುದಾದರೂ, ವಯೋವೃದ್ಧರಿಗೆ ಇದು ವರವೇ ಸರಿ. ಮೂರನೆಯ ಶಾಖೆ ಮುಚ್ಚಿದರೂ ಬಹುತೇಕ ಜನರಿಗೆ ಏನೂ ಆಗುವುದಿಲ್ಲ. ದೊಡ್ಡಕರುಳಿಗೆ ರಕ್ತದ ಕೊರತೆಯಾಗುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ. ಆದರೆ ಆ ನೂರರಲ್ಲಿ ಯಾರು ಆ ಒಬ್ಬರು ಎಂಬುದನ್ನು ಮುಂಚಿತವಾಗಿ ಊಹಿಸುವ ಸಾಧನ ಅನೇಕ ವೇಳೆ ನಮ್ಮ ಕೈಯಲ್ಲಿರುವ ವರದಿಯಲ್ಲಿಯೇ ಇರುತ್ತದೆ. ತಿಳಿದರೆ ಉಪಾಯಗಳೂ ಇವೆ. ಇಕ್ಕಟ್ಟಾದ ಶಾಖೆಯನ್ನು ಮೊದಲು ಹಿಗ್ಗಿಸಬಹುದು; ಬೇರೆ ರೀತಿಯ ಶಸ್ತ್ರಚಿಕಿತ್ಸೆಯನ್ನು ಆರಿಸಬಹುದು; ಉಬ್ಬು ಮೇಲಿನ ಶಾಖೆಗಳವರೆಗೆ ಹಬ್ಬಿದ್ದರೆ, ಶಾಖೆಗಳ ಬಾಯಿಗೆ ಸರಿಯಾಗಿ ಕಿಂಡಿಗಳನ್ನಿಟ್ಟ ಗ್ರಾಫ್ಟುಗಳೂ ೧೯೯೦ರ ದಶಕದ ಕೊನೆಯಿಂದ ಬಳಕೆಗೆ ಬಂದಿವೆ.

ಸಹಿ ಹಾಕುವ ಮುನ್ನ

ಹಾಗಾದರೆ ನಮ್ಮಂಥ ಸಾಮಾನ್ಯರು ಮಾಡಬೇಕಾದುದೇನು? ನನ್ನ ಅಭಿಪ್ರಾಯದಲ್ಲಿ, ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳಬೇಕು. ಒಂದು, ಈ ಸ್ಟೆಂಟು ಯಾವ ಯಾವ ಶಾಖೆಗಳ ಬಾಯಿಯನ್ನು ಮುಚ್ಚುತ್ತದೆ? ಎರಡು, ಉಳಿದ ಶಾಖೆಗಳು ಸಿ.ಟಿ. ಚಿತ್ರದಲ್ಲಿ ಆರೋಗ್ಯವಾಗಿ ಕಾಣುತ್ತವೆಯೇ? ಮೂರು, ಮೊದಲ ಮೂರು ದಿನ ಕರುಳಿನ ಲಕ್ಷಣಗಳನ್ನು ಗಮನಿಸುವವರು ಯಾರು, ರಾತ್ರಿ ಹೊಟ್ಟೆನೋವು ಅಥವಾ ರಕ್ತಭೇದಿಯಾದರೆ ಯಾರನ್ನು ಕರೆಯಬೇಕು? ನಾಲ್ಕು, ಕರುಳಿಗೆ ತೊಂದರೆಯಾದರೆ ಶಸ್ತ್ರಚಿಕಿತ್ಸೆ ಮಾಡುವ ಅನುಕೂಲ ಈ ಆಸ್ಪತ್ರೆಯಲ್ಲಿಯೇ ಇದೆಯೇ? ಉತ್ತರವನ್ನು ಚಿಕಿತ್ಸೆ ಮಾಡುವ ವೈದ್ಯರ ಬಾಯಿಂದಲೇ ಕೇಳಬೇಕು, ಸಾಮಗ್ರಿ ಮಾರುವವರ ಬಾಯಿಂದಲ್ಲ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲವೆಂಬುದು ನನ್ನ ಅನುಭವ.

ಊಟವಾದ ಅರ್ಧ ಗಂಟೆಗೆ ಹೊಟ್ಟೆ ನೋಯುವುದು, ಆ ಭಯದಿಂದ ಊಟವನ್ನೇ ಕಡಿಮೆ ಮಾಡುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕರುಳಿನ ಶಾಖೆಗಳು ಮೊದಲೇ ಇಕ್ಕಟ್ಟಾಗಿರುವುದರ ಲಕ್ಷಣಗಳಾಗಿರಬಹುದು. ಚಿಕ್ಕಪ್ಪನವರು ಒಂದು ವರ್ಷದಿಂದ ರಾತ್ರಿಯ ಊಟವನ್ನು ಬಿಟ್ಟಿದ್ದರು. ಪ್ರಾಯದವರಿಗೆ ಹಸಿವು ಕಡಿಮೆ ಎಂದು ನಾವೆಲ್ಲ ಸುಮ್ಮನಿದ್ದೆವು. ಅದನ್ನು ವೈದ್ಯರಿಗೆ ಹೇಳಬೇಕೆಂದೇ ನಮಗೆ ತೋಚಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಳ್ಳುವುದು ನ್ಯಾಯ.

ನಮ್ಮ ಸಂಘಸಂಸ್ಥೆಗಳಿಗೂ ಎರಡು ಸೂಚನೆಗಳನ್ನು ಮುಂದಿಡುತ್ತೇನೆ. ಬ್ರಿಟನ್ನಿನಲ್ಲಿ ೬೫ ವರ್ಷ ತುಂಬುವ ಗಂಡಸರಿಗೆಲ್ಲ ಒಮ್ಮೆ ಹೊಟ್ಟೆಯ ಸೋನೋಗ್ರಫಿ ಮಾಡಿ ಮಹಾಧಮನಿಯ ಅಗಲವನ್ನು ಅಳೆಯುವ ಏರ್ಪಾಡಿದೆ. ಸಾಮಾನ್ಯವಾಗಿ ಎರಡು ಸೆಂಟಿಮೀಟರಿನಷ್ಟಿರುವ ಈ ಧಮನಿ ಮೂರನ್ನು ದಾಟಿದರೆ ಉಬ್ಬೆಂದು ಪರಿಗಣಿಸುತ್ತಾರೆ. ಗಂಡಸರಲ್ಲಿ ಐದೂವರೆಯನ್ನು ಮುಟ್ಟಿದರೆ ಚಿಕಿತ್ಸೆಯ ಯೋಚನೆ ಮಾಡುತ್ತಾರೆ. ನಮ್ಮ ದೇಶದಲ್ಲಿ ಅಂಥ ಸಾರ್ವತ್ರಿಕ ಏರ್ಪಾಡಿಲ್ಲ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸುವ ನಮ್ಮ ಶಿಬಿರಗಳಲ್ಲಿ, ಬೀಡಿ ಸಿಗರೇಟು ಸೇದಿದ ಹಿರಿಯರಿಗಾದರೂ ಇದನ್ನು ಸೇರಿಸುವುದು ಅಸಾಧ್ಯವಲ್ಲ. ಎರಡನೆಯದು, ನಾಲ್ಕಾರು ಮಂದಿ ವಿದ್ಯಾವಂತ ಸದಸ್ಯರು ಮುಂದೆ ಬಂದು, ಇಂಗ್ಲಿಷಿನಲ್ಲಿರುವ ಒಪ್ಪಿಗೆ ಪತ್ರಗಳನ್ನು ಹಿರಿಯರಿಗೆ ಕನ್ನಡದಲ್ಲಿ ಓದಿ ವಿವರಿಸುವ ಸೇವೆಯನ್ನು ಆರಂಭಿಸಬೇಕು. ನಾಟ್ಯ, ಯಕ್ಷಗಾನ, ಸಮಾರಾಧನೆಗಳಿಗೆ ನಾವು ಕೊಡುವ ಸಮಯದ ನೂರನೆಯ ಒಂದು ಪಾಲು ಇದಕ್ಕೆ ಸಾಕು.

ತೀರಿಸಬೇಕಾದ ಋಣ

ಕೊನೆಯದಾಗಿ, ಮೂಕಪ್ರಾಣಿಗಳ ಮಾತು. ಇದೇ ಮುಂಬಯಿಯ ಬೈಕಲಾದಲ್ಲಿ, ೧೮೯೬ರ ಪ್ಲೇಗಿನ ಕಾಲದಲ್ಲಿ, ವಾಲ್ಡೆಮಾರ್ ಹಾಫ್ಕಿನ್ ಅವರು ಲಸಿಕೆಯನ್ನು ಸಿದ್ಧಪಡಿಸಿ ಮೊದಲು ಮೊಲಗಳ ಮೇಲೆ ಪರೀಕ್ಷಿಸಿದರು. ಮೊಲಗಳು ಬದುಕಿದವೆಂದು ನೇರವಾಗಿ ಜನರಿಗೆ ಚುಚ್ಚಲಿಲ್ಲ. ೧೮೯೭ರ ಜನವರಿ ೧೦ರಂದು ತಮ್ಮ ಶರೀರಕ್ಕೇ ಚುಚ್ಚಿಸಿಕೊಂಡರು. ಮೊಲದ ಸಾಕ್ಷ್ಯಕ್ಕೆ ತಮ್ಮ ದೇಹವನ್ನೇ ಜಾಮೀನಾಗಿಟ್ಟರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಾವಿರಾರು ಜನರಿಗೆ ಆ ಲಸಿಕೆಯನ್ನು ಹಾಕಲಾಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯಥಾನ್ ಅವರ ತಂಡವು ಸ್ವದೇಶಿ ಹೃದಯ ಕವಾಟವನ್ನು ಕುರಿಗಳಲ್ಲಿ ಪರೀಕ್ಷಿಸುತ್ತ, ಸೋತ ಮಾದರಿಗಳನ್ನು ಕೈಬಿಟ್ಟು, ನಾಲ್ಕನೆಯ ಮಾದರಿಯನ್ನು ೧೯೯೦ರ ಡಿಸೆಂಬರ್ ೬ರಂದು ಮನುಷ್ಯನಿಗೆ ಜೋಡಿಸಿತು. ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದ ಅವರನ್ನು ನಮ್ಮ ಕರಾವಳಿಯ ಜನ ಚೆನ್ನಾಗಿ ಬಲ್ಲರು. ಸೋಲನ್ನು ಮುಚ್ಚಿಡದೆ ಅದರಿಂದ ಕಲಿತುದೇ ಆ ಯಶಸ್ಸಿನ ಗುಟ್ಟು.

ಪ್ರಾಣಿಹಿಂಸೆಯನ್ನು ತಡೆಯುವ ೧೯೬೦ರ ಕಾಯಿದೆಯೂ ಅದರಡಿ ಬಂದ ೧೯೯೮ರ ನಿಯಮಗಳೂ ಇಂಥ ಪ್ರಯೋಗಗಳಿಗೆ ಅನುಮತಿಯನ್ನೂ ಮೇಲ್ವಿಚಾರಣೆಯನ್ನೂ ಕಡ್ಡಾಯ ಮಾಡಿವೆ. ಪ್ರಾಣಿಗಳ ಬದಲಿಗೆ ಬೇರೆ ಸಾಧನ, ಅನಿವಾರ್ಯವಾದರೆ ಕಡಿಮೆ ಸಂಖ್ಯೆ, ಬಳಸಿದವಕ್ಕೆ ಕಡಿಮೆ ನೋವು ಎಂಬ ಮೂರು ಸೂತ್ರಗಳನ್ನು ೧೯೫೯ರಲ್ಲಿಯೇ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮುಂದಿಟ್ಟರು. ನಾನು ಇವಕ್ಕೆ ನಾಲ್ಕನೆಯದೊಂದನ್ನು ಸೇರಿಸಬಯಸುತ್ತೇನೆ: ಪ್ರಾಣಿ ಕೊಟ್ಟ ಸಾಕ್ಷ್ಯವನ್ನು ಅದು ಹೇಳಿದಷ್ಟಕ್ಕೇ ಬಳಸುವುದು. ನಾಯಿ ಬೆಕ್ಕುಗಳು ಪ್ರಾಣ ತೆತ್ತು ನಮಗೆ ಹೇಳಿದ್ದು "ಕರುಳನ್ನು ಗಮನಿಸಿ, ಗಂಟೆಗಳನ್ನು ಎಣಿಸಿ" ಎಂದು. ಅದನ್ನು "ಕರುಳಿಗೆ ಏನೂ ಆಗುವುದಿಲ್ಲ" ಎಂದು ತಿರುಚಿ ಹೇಳುವುದು ರೋಗಿಗೆ ಮಾತ್ರವಲ್ಲ, ಆ ಪ್ರಾಣಿಗಳಿಗೂ ಮಾಡುವ ದ್ರೋಹ.

ಚಿಕ್ಕಪ್ಪನವರು ಇಂದಿಗೂ ನಮ್ಮೊಡನಿದ್ದಾರೆ. ಬೀಡಿಯನ್ನು ಬಿಟ್ಟಿದ್ದಾರೆ. ಹೊಟ್ಟೆಗೆ ಅಂಟಿಸಿದ ಚೀಲದೊಡನೆ ಬಾಳುವುದನ್ನು ಕಲಿತಿದ್ದಾರೆ. ನಲವತ್ತು ವರ್ಷ ಹೊಟೇಲಿನಲ್ಲಿ ಊರಿಗೆಲ್ಲ ಊಟ ಕೊಟ್ಟ ಅವರು, ಸಂಘದ ವಾರ್ಷಿಕೋತ್ಸವದ ಭೋಜನಕ್ಕೆ ಬಂದರೂ ಪಂಕ್ತಿಯಲ್ಲಿ ಕುಳಿತುಕೊಳ್ಳುವುದಿಲ್ಲ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಂದವರನ್ನು "ಊಟ ಆಯಿತೇ?" ಎಂದು ವಿಚಾರಿಸುತ್ತಾರೆ. ಅವರು ನನ್ನನ್ನು ಒಮ್ಮೆಯೂ ಆಕ್ಷೇಪಿಸಿದವರಲ್ಲ. "ನೀನು ಓದಿದ್ದೆಯಲ್ಲ ಮಗಾ" ಎಂದು ಮಾತ್ರ ಒಮ್ಮೆ ಅಂದರು. ನಾನು ಓದಿದ್ದೆ, ಕೇಳಬೇಕಾದುದನ್ನು ಕೇಳಿರಲಿಲ್ಲ. ಈ ಸಂಚಿಕೆಯ ಓದುಗರಲ್ಲಿ ಒಬ್ಬರಾದರೂ ನಾಳೆ ಅಂಥ ಕಾಗದವನ್ನು ಕೈಯಲ್ಲಿ ಹಿಡಿದಾಗ ಕೇಳಿಯಾರು ಎಂಬ ನಂಬಿಕೆಯಿಂದ ಇಷ್ಟನ್ನು ಬರೆದಿದ್ದೇನೆ.